ವಾರದ ಗಾಡಿ ಹಿಡಿದು ದ್ವಾರಕೆಗೆ

ಕೈವಾರದ ಸಂತ ತಾತಯ್ಯನವರನ್ನು ನಂಬಿಕೊಂಡ ನಮ್ಮ ಚಿಂತಾಮಣಿ ಕಡೆಯ ಹಿರಿಯರಿಗೆ ಒಮ್ಮೆ ದ್ವಾರಕೆ ನೋಡಿಬರಬೇಕೆಂಬ ಆಸೆ ಬಹಳ. ನಡುವೆ ಇಳಿದು ಹತ್ತುವ ಶಕ್ತಿ ಇಲ್ಲದವರಿಗೆ ಒದಗುವುದು ತೂತ್ತುಕುಡಿ–ಓಖಾ ವಿವೇಕ್ ಎಕ್ಸ್‌ಪ್ರೆಸ್. ವಿವೇಕಾನಂದರ 150ನೇ ಜಯಂತಿಯ ನೆನಪಿಗೆ 2011ರ ರೈಲ್ವೆ ಬಜೆಟ್‌ನಲ್ಲಿ ಘೋಷಿಸಿದ ನಾಲ್ಕು ಗಾಡಿಗಳಲ್ಲಿ ಇದೂ ಒಂದು. ಸೇಲಂ, ಬೆಂಗಳೂರು, ಗುಂತಕಲ್, ರಾಯಚೂರು, ಪುಣೆ, ಸೂರತ್, ದ್ವಾರಕೆ ಹಾದು ಸಮುದ್ರದಿಂದ ಸಮುದ್ರಕ್ಕೆ ಹೋಗುತ್ತದೆ. ವಾರಕ್ಕೆ ಒಂದೇ ಸಲ.

ದೊಡ್ಡಮ್ಮ ಮತ್ತು ಅವರ ಭಜನೆಯ ಬಳಗವನ್ನು ಕರೆದುಕೊಂಡು ಹೊರಟಾಗ ನನಗೆ ತಿಳಿದದ್ದು, ದಿನನಿತ್ಯದ ಗಾಡಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ ಎಂದು. ತಪ್ಪಿದರೆ ನಾಳೆ ಎಂಬುದಿಲ್ಲ. ತೂತ್ತುಕುಡಿಯಲ್ಲಿ ರಾತ್ರಿ ಹೊರಟದ್ದು ನಮ್ಮ ಭಾಗಕ್ಕೆ ಬರುವಾಗ ದಿನ ಬದಲಾಗಿರುತ್ತದೆ. ಹಾಗಾಗಿ ಮನೆಯವರಿಗೆಲ್ಲ ನಾವು ಹತ್ತುವ ದಿನವನ್ನೇ ಕ್ಯಾಲೆಂಡರ್‌ನಲ್ಲಿ ಗುಂಡು ಹಾಕಿ ತೋರಿಸಬೇಕು.

ಟಿಕೆಟ್ಟಿನ ವಿಷಯ ಇನ್ನೂ ಸೂಕ್ಷ್ಮ. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ. ಹೋಗುವ ಟಿಕೆಟ್ ಸಿಕ್ಕ ದಿನ ವಾಪಸ್ಸಿನದು ಇನ್ನೂ ತೆರೆದಿರುವುದಿಲ್ಲ, ಅದಕ್ಕೆ ಮತ್ತೆ ಕಾದು ಕೂರಬೇಕು. ನಡುವಿನ ನಿಲ್ದಾಣಗಳಿಗೆ ಸೀಟಿನ ಪಾಲು ಕಡಿಮೆ. ವೇಟಿಂಗ್ ಲಿಸ್ಟ್‌ನಲ್ಲಿ ‘ಪಿಕ್ಯು’ (ಹಂಚಿಕೆಯ ಕೋಟಾ) ಅಂತ ಬಂದರೆ ಅದನ್ನು ನಂಬಿ ವಯಸ್ಸಾದವರನ್ನು ಹೊರಡಿಸಬಾರದು. ‘ಜಿಎನ್’ (ಸಾಮಾನ್ಯ ಕೋಟಾ) ಇದ್ದರೆ ಆಸೆ ಇಟ್ಟುಕೊಳ್ಳಬಹುದು. ಗಾಡಿ ಮೂರು ಗಂಟೆಗಿಂತ ಹೆಚ್ಚು ತಡವಾಗಿ ಪ್ರಯಾಣ ಬಿಡುವುದಾದರೆ ಪೂರ್ತಿ ಹಣ ವಾಪಸ್, ಆದರೆ ಗಾಡಿ ಹೊರಡುವ ಮೊದಲೇ ಟಿಡಿಆರ್ (ಹಣ ವಾಪಸ್ಸಿನ ಅರ್ಜಿ) ಹಾಕಿರಬೇಕು. ತಡ ಆಗುವುದು ಅಪರೂಪವೂ ಅಲ್ಲ: ಎಷ್ಟೋ ವಾರದ ಗಾಡಿಗಳಲ್ಲಿ ಹೋದ ಬೋಗಿಗಳೇ ತಿರುಗಿ ಬರಬೇಕು. ಅಲ್ಲಿ ತಡವಾದರೆ ಇಲ್ಲೂ ತಡ.

ಬುತ್ತಿಯನ್ನು ದೊಡ್ಡಮ್ಮನೇ ಕಟ್ಟಿದರು. ಮೊದಲ ದಿನಕ್ಕೆ ಹುಣಸೆಗೊಜ್ಜಿನ ಅನ್ನ, ಆಮೇಲಕ್ಕೆ ಎಣ್ಣೆ ಹಾಕಿ ಬೇಯಿಸಿದ ಚಪಾತಿ, ಕಡ್ಲೆಬೀಜದ ಚಟ್ನಿಪುಡಿ. ಸೊಲ್ಲಾಪುರ ದಾಟಿದ ಮೇಲೆ ಎದುರು ಸೀಟಿನ ಗುಜರಾತಿ ಅಜ್ಜಿ ಆ ಪುಡಿ ರುಚಿ ನೋಡಿ ತಮ್ಮ ಡಬ್ಬಿಯಿಂದ ಥೇಪ್ಲಾ ತೆಗೆದುಕೊಟ್ಟರು. ಭಾಷೆ ಬರದಿದ್ದರೂ ಇಬ್ಬರೂ ಅಹಮದಾಬಾದಿನವರೆಗೆ ಮಾತಾಡಿದರು!

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಕಷ್ಟ ಬೇರೆಯೇ ಇದೆ. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಒಂದು ಹಳಿಯ ಮೇಲಿವೆ. ಮೈಸೂರು ಸಂಸ್ಥಾನದ ಕಾಲದ ಆ ಸಣ್ಣ ಗೇಜ್ ಮಾರ್ಗ 2013ರಲ್ಲಿ ಕೋಲಾರದವರೆಗೂ ಬ್ರಾಡ್‌ಗೇಜ್ ಆಯಿತು. ಉತ್ತರಕ್ಕೆ ಹೋಗುವ ದೊಡ್ಡ ಗಾಡಿಗಳು ಓಡುವುದು ಗೌರಿಬಿದನೂರಿನ ಹಳಿಯಲ್ಲಿ. ಎರಡೂ ಸೇರುವುದು ಯಲಹಂಕದಲ್ಲಿ. ಮಂಚೇನಹಳ್ಳಿ ಮೇಲೆ ಬಸ್ಸಿನಲ್ಲಿ ಹೋದರೆ ಗೌರಿಬಿದನೂರು ಹತ್ತಿರದ ಊರು, ರೈಲಿಗೆ ಅಷ್ಟು ಸುತ್ತು. ಅದಕ್ಕೇ ನಾವು ಹಿಂದಿನ ಸಂಜೆಯೇ ಬೆಂಗಳೂರಿನ ನೆಂಟರ ಮನೆ ಸೇರಿಕೊಂಡೆವು. ಮೊಣಕಾಲು ನೋವಿನವರನ್ನು ಬೆಳಗಿನ ಬಸ್ಸಿಗೆ ಹತ್ತಿಸಿ ಆ ಗಾಡಿ ಹಿಡಿಸುತ್ತೇನೆಂಬ ಧೈರ್ಯ ನನಗಿಲ್ಲ, ಯಾರಿಗೂ ಬೇಡ ಅನ್ನುತ್ತೇನೆ.

ಗೌರಿಬಿದನೂರಿನಲ್ಲಿ ದೂರದ ಗಾಡಿಗಳು ಹೆಚ್ಚಿನವು ನಿಲ್ಲದೆ ಹೋಗುತ್ತವೆ. ಅಲ್ಲಿಯವರು ಹಿಂದೂಪುರಕ್ಕೆ ಹೋಗಿ ಹತ್ತುತ್ತಾರೆ. ಚಿಕ್ಕಬಳ್ಳಾಪುರ–ಗೌರಿಬಿದನೂರು ನಡುವಿನ ಹೊಸ ಹಳಿ ಯಾವಾಗ ಬರುತ್ತದೋ ಬರಲಿ. ಅಷ್ಟರವರೆಗೆ ವಾರಕ್ಕೊಮ್ಮೆ ಬರುವ ಗಾಡಿಗಾದರೂ ಗೌರಿಬಿದನೂರಿನಲ್ಲಿ ಎರಡು ನಿಮಿಷದ ನಿಲುಗಡೆ ಕೊಡಿ ಎಂದು ಕೇಳುವುದು ದೊಡ್ಡ ಬೇಡಿಕೆಯಲ್ಲ.