ಒಂದು ಬಾರ್, ಒಂದು ತಿಂಡಿ: ಲೊಗ್ರೊನ್ಯೊದ ಹಳೇ ಪೇಟೆಯಲ್ಲಿ ವೈನ್ ನಡಿಗೆ

ಲೊಗ್ರೊನ್ಯೊ ಊರಿನ ಸೊರಿಯಾನೊ ಬಾರಿನಲ್ಲಿ ಮೆನು ಕೇಳುವುದು ವ್ಯರ್ಥ. ಅಲ್ಲಿ ಜನ ತಿನ್ನಲು ಹೋಗುವುದು ಒಂದೇ ತಿಂಡಿಯನ್ನು: ಕಾದ ಹಂಚಿನ ಮೇಲೆ ಬೆಳ್ಳುಳ್ಳಿ ಎಣ್ಣೆಯಲ್ಲಿ ಬೆಂದ ಅಣಬೆ. ಮೂರು ಅಣಬೆಗಳನ್ನು ಒಂದರ ಮೇಲೊಂದು ಪೇರಿಸಿ, ತುದಿಗೊಂದು ಪುಟ್ಟ ಸೀಗಡಿ ಇಟ್ಟು, ಕಡ್ಡಿ ಚುಚ್ಚಿ, ಬ್ರೆಡ್ ತುಂಡಿನ ಮೇಲೆ ನಿಲ್ಲಿಸಿ ಕೊಡುತ್ತಾರೆ. ಜೊತೆಗೊಂದು ಲೋಟ ವೈನ್. ಎರಡೂ ಮುಗಿದ ಮೇಲೆ ಗಿರಾಕಿ ಹಣ ಕೊಟ್ಟು ಬೀದಿಗಿಳಿದು, ನಾಲ್ಕು ಹೆಜ್ಜೆ ಆಚೆಗಿರುವ ಇನ್ನೊಂದು ಬಾರಿನ ಇನ್ನೊಂದು ತಿಂಡಿಗೆ ಹೊರಡುತ್ತಾನೆ. ಸ್ಪೇನಿನ ಉತ್ತರ ಭಾಗದ ಈ ಊರಿನಲ್ಲಿ ರಾತ್ರಿಯೂಟ ಎಂದರೆ ಬಹುಮಟ್ಟಿಗೆ ಇದೇ.

ಇಂಥ ಪುಟ್ಟ ತಿಂಡಿಗಳಾದ ತಾಪಸ್ ಎಂದೊಡನೆ ಪ್ರವಾಸಿಗರು ಸೆವಿಯಾ, ಗ್ರನಾಡಾ ಅಥವಾ ಸಮುದ್ರ ದಂಡೆಯ ಸಾನ್ ಸೆಬಾಸ್ಟಿಯನ್ ಕಡೆಗೆ ಮುಖ ಮಾಡುತ್ತಾರೆ. ಗ್ರನಾಡಾದಲ್ಲಿ ಪಾನೀಯದ ಜೊತೆ ತಿಂಡಿ ಪುಕ್ಕಟೆ ಬರುತ್ತದೆ, ಆದರೆ ಏನು ಬರುತ್ತದೆ ಎಂಬುದು ಬಾರಿನವರ ಇಷ್ಟ. ಸಾನ್ ಸೆಬಾಸ್ಟಿಯನ್ ರುಚಿಯಲ್ಲಿ ಯಾರಿಗೂ ಕಡಿಮೆಯಿಲ್ಲ, ದರದಲ್ಲೂ ಇಲ್ಲ. ಯಾವ ಏಜೆಂಟನ ಹಂಗೂ ಇಲ್ಲದೆ, ಕೈಯಲ್ಲೊಂದು ನಕ್ಷೆ ಹಿಡಿದು ತಾನೇ ನಡೆಯಬೇಕು ಎನ್ನುವವರಿಗೆ ಲೊಗ್ರೊನ್ಯೊ ಇವೆಲ್ಲಕ್ಕಿಂತ ಸಲೀಸು. ಒಂದೂವರೆ ಲಕ್ಷದಷ್ಟು ಜನರ ಊರು. ಕಾಯೆ ಲಾವುರೆಲ್ ಎಂಬ ಗಲ್ಲಿ ಮತ್ತು ಅದಕ್ಕೆ ಅಂಟಿಕೊಂಡ ಅಡ್ಡಬೀದಿಗಳಲ್ಲೇ ಹತ್ತಾರು ಬಾರುಗಳಿವೆ. ಗಲ್ಲಿಯ ಈ ತುದಿಯಿಂದ ಆ ತುದಿಗೆ ಸುಮ್ಮನೆ ನಡೆದರೆ ಐದು ನಿಮಿಷವೂ ಬೇಡ. ಸುತ್ತ ಇರುವುದೆಲ್ಲ ರಿಯೋಹಾ ಸೀಮೆಯ ದ್ರಾಕ್ಷಿ ತೋಟಗಳು. ಹಾಗಾಗಿ ಲೋಟಕ್ಕೆ ಬೀಳುವ ವೈನ್ ಕೆಲವೇ ಕಿಲೋಮೀಟರ್ ಆಚೆಯದು.

ಊರಿಗೆ ತಲುಪುವ ದಾರಿ ಎರಡು. ಮ್ಯಾಡ್ರಿಡ್‌ನಿಂದ ನೇರ ರೈಲು ಹಿಡಿದರೆ ಮೂರೂವರೆ ಗಂಟೆಯ ಆಸುಪಾಸು, ಬಿಲ್ಬಾವೊದಿಂದ ಬಸ್ಸಿನಲ್ಲಿ ಸುಮಾರು ಎರಡು ಗಂಟೆ. ಬಿಲ್ಬಾವೊದ ಗುಗೆನ್‌ಹೈಮ್ ಮ್ಯೂಸಿಯಂ ನೋಡುವ ಯೋಚನೆಯಿದ್ದರೆ ಎರಡನೆಯದೇ ಸರಿ. ಬೆಂಗಳೂರಿನಿಂದ ಹೊರಡುವವರಿಗೆ ಶೆಂಗೆನ್ ವೀಸಾ ಬೇಕು. ಬೇಸಿಗೆಯಲ್ಲಿ ವೀಸಾ ಕೇಂದ್ರಗಳಲ್ಲಿ ದಿನಾಂಕ ಸಿಗುವುದೇ ಕಷ್ಟ, ಆದ್ದರಿಂದ ಎರಡು ಮೂರು ತಿಂಗಳು ಮೊದಲೇ ಕೆಲಸ ಶುರುಮಾಡುವುದು ಕ್ಷೇಮ. ಊರೊಳಗೆ ಯಾವ ವಾಹನವೂ ಬೇಡ. ಬಾಡಿಗೆ ಕಾರಿನಲ್ಲಿ ಬಂದವರು ಅದನ್ನು ನಿಲ್ಲಿಸಿ ಕೀಲಿಯನ್ನು ಹೋಟೆಲ್ ಕೋಣೆಯಲ್ಲೇ ಬಿಟ್ಟು ಹೊರಡಲಿ.

ಎಲ್ಲಕ್ಕಿಂತ ಮೊದಲು ಅರಿಯಬೇಕಾದ್ದು ಗಡಿಯಾರ. ಮಧ್ಯಾಹ್ನದ ಸುತ್ತು ಹನ್ನೆರಡೂವರೆಗೆ ಶುರುವಾಗಿ ಮೂರೂವರೆಗೆ ಮುಗಿಯುತ್ತದೆ. ಆಮೇಲೆ ಬಹುತೇಕ ಬಾರುಗಳು ಬಾಗಿಲು ಹಾಕುತ್ತವೆ. ಮತ್ತೆ ಜೀವ ಬರುವುದು ರಾತ್ರಿ ಎಂಟರ ಮೇಲೆ. ಸಂಜೆ ಆರಕ್ಕೆ ಹಸಿದುಕೊಂಡು ಬಂದವರಿಗೆ ಕಾಣುವುದು ತೊಳೆದ ಬೀದಿ ಮತ್ತು ಎಳೆದ ಶಟರ್. ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತು ಸಮೀಪಿಸಿರುತ್ತದೆ, ಅದಕ್ಕೇ ಅಲ್ಲಿಯವರಿಗೆ ಒಂಬತ್ತು ಗಂಟೆ ತಡವೆನಿಸುವುದಿಲ್ಲ. ಭಾರತದಿಂದ ಬಂದವರ ದೇಹಕ್ಕೆ ಮಾತ್ರ ಆಗ ಮಧ್ಯರಾತ್ರಿ ಕಳೆದಿರುತ್ತದೆ. ಬಂದಿಳಿದ ದಿನವೇ ರಾತ್ರಿಯ ಸುತ್ತು ಇಟ್ಟುಕೊಂಡರೆ ಎರಡನೇ ಲೋಟಕ್ಕೇ ತೂಕಡಿಕೆ. ಮೊದಲ ದಿನ ಮಧ್ಯಾಹ್ನದ ಸುತ್ತು ಮುಗಿಸಿ, ರಾತ್ರಿಯದನ್ನು ಮರುದಿನಕ್ಕೆ ಉಳಿಸಿಕೊಳ್ಳುವುದು ಜಾಣತನ.

ವಾರದ ದಿನಗಳ ಲೆಕ್ಕವೂ ಮುಖ್ಯ. ಸೋಮವಾರ, ಮಂಗಳವಾರ ಹಲವು ಬಾರುಗಳಿಗೆ ರಜೆ. ಶನಿವಾರ ರಾತ್ರಿ ಸ್ಪೇನಿನ ಬೇರೆ ಊರುಗಳಿಂದ ಮದುವೆಗೆ ಮುಂಚಿನ ಮೋಜಿಗೆಂದು ವೇಷ ತೊಟ್ಟ ಗುಂಪುಗಳು ಬಂದಿಳಿಯುವುದರಿಂದ ಗಲ್ಲಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬುಧವಾರ ಅಥವಾ ಗುರುವಾರ ರಾತ್ರಿ ಒಳ್ಳೆಯದು. ಅದಕ್ಕಿಂತ ಸೊಗಸು ಭಾನುವಾರದ ಮಧ್ಯಾಹ್ನ: ಅಜ್ಜಿ, ಮೊಮ್ಮಕ್ಕಳು, ತಳ್ಳುಗಾಡಿಯಲ್ಲಿ ಮಲಗಿದ ಕೂಸು ಸಮೇತ ಇಡೀ ಸಂಸಾರಗಳೇ ಬಾರಿನಿಂದ ಬಾರಿಗೆ ಹೋಗುತ್ತಿರುತ್ತವೆ.

ನಡಿಗೆಯನ್ನು ನೇರವಾಗಿ ಲಾವುರೆಲ್‌ನಲ್ಲಿ ಶುರುಮಾಡುವ ಬದಲು ಎಬ್ರೊ ನದಿಯ ಕಲ್ಲಿನ ಸೇತುವೆಯಿಂದ ಆರಂಭಿಸಿದರೆ ಹಸಿವೂ ಚುರುಕಾಗುತ್ತದೆ, ಊರಿನ ಸ್ವಭಾವವೂ ತಿಳಿಯುತ್ತದೆ. ಈಗಿನ ಸೇತುವೆ 1884ರದು. ಸಾಂತಿಯಾಗೊ ಯಾತ್ರೆಯ ಪಾದಚಾರಿಗಳು ಇವತ್ತಿಗೂ ಇದೇ ದಾರಿಯಲ್ಲಿ, ಬೆನ್ನಿಗೊಂದು ಚೀಲ ಕಟ್ಟಿಕೊಂಡು ಊರೊಳಗೆ ಬರುತ್ತಾರೆ. ಅವರ ಹಿಂದೆಯೇ ಹೋದರೆ ರುವಾ ವಿಯೇಹಾ ಬೀದಿ ಸಿಗುತ್ತದೆ. ಇಲ್ಲಿನ ಮನೆಗಳ ಅಡಿಯಲ್ಲಿ ಕಲ್ಲಿನ ಕಮಾನಿನ ವೈನ್ ನೆಲಮಾಳಿಗೆಗಳಿವೆ. ಗಾಡಿಗಳ ಅದುರಿಕೆಯಿಂದ ಕೆಳಗಿನ ವೈನ್ ಕೆಟ್ಟೀತೆಂದು 1635ರಲ್ಲಿ ನೆಲಮಾಳಿಗೆಗಳ ಪಕ್ಕದ ಬೀದಿಗಳಲ್ಲಿ ಗಾಡಿ ಓಡಿಸುವುದನ್ನು ಊರಿನ ಆಡಳಿತ ನಿಷೇಧಿಸಿತ್ತು. ಸಾನ್ ಗ್ರೆಗೋರಿಯೊ ಹೆಸರಿನ ನೆಲಮಾಳಿಗೆಯೊಂದನ್ನು ದುರಸ್ತಿ ಮಾಡಿ ಉಳಿಸಿಕೊಂಡಿದ್ದಾರೆ. ಬಾಗಿಲು ತೆರೆದಿದ್ದರೆ ಇಳಿದು ನೋಡಬೇಕು, ಬೇಸಿಗೆಯ ಧಗೆಯಲ್ಲೂ ಒಳಗೆ ತಂಪು.

ಸ್ವಲ್ಪ ಮುಂದೆ ಸಾಂತಿಯಾಗೊ ಎಲ್ ರೆಯಾಲ್ ಚರ್ಚು. ಅದರ ಎದುರಿನ ಅಂಗಳದ ಕಲ್ಲುಹಾಸಿನ ಮೇಲೆ ನಮ್ಮ ಹಾವು-ಏಣಿಯ ದಾಯಾದಿಯಂಥ ಬಾತುಕೋಳಿ ಆಟದ ದೊಡ್ಡ ಪಟವನ್ನೇ ಬಿಡಿಸಿದ್ದಾರೆ. ಯಾತ್ರೆಯ ಒಂದೊಂದು ಊರು ಅದರಲ್ಲಿ ಒಂದೊಂದು ಮನೆ. ಅಲ್ಲಿಂದ ಎರಡೇ ತಿರುವು ದಾಟಿದರೆ ಅವಳಿ ಗೋಪುರಗಳ ಸಾಂತಾ ಮರಿಯಾ ಲಾ ರೆದೋಂದಾ ಕೆಥೆಡ್ರಲ್. ಮೈಕೆಲ್ಯಾಂಜೆಲೊನದೆಂದು ಹೇಳಲಾಗುವ, ಶಿಲುಬೆಗೇರಿದ ಯೇಸುವಿನ ಒಂದು ಸಣ್ಣ ಚಿತ್ರ ಒಳಗಿದೆ. ಹತ್ತು ನಿಮಿಷ ಸಾಕು. ಆಮೇಲೆ ಪೋರ್ತಾಲೆಸ್ ಬೀದಿಯ ಕಂಬಸಾಲಿನಡಿ ನಡೆದು ಸಾನ್ ಹುವಾನ್ ಬೀದಿಗೆ ಬರಬಹುದು. ಊರಿನವರು ಹೆಚ್ಚು, ಪ್ರವಾಸಿಗರು ಕಡಿಮೆ ಇರುವ ಈ ಬೀದಿಯಲ್ಲಿ ಮೊದಲ ಲೋಟ ಎತ್ತಿದರೆ ಆರ್ಡರ್ ಮಾಡುವ ರೀತಿಗೆ ಕೈ ಪಳಗುತ್ತದೆ. ಅಲ್ಲಿನ ತಾಸ್ತಾವಿನ್ ಬಾರಿನಲ್ಲಿ ಲೋಟದ ಲೆಕ್ಕದಲ್ಲಿ ಕೊಡುವ ವೈನುಗಳ ಆಯ್ಕೆ ಚೆನ್ನಾಗಿದೆ.

ಆರ್ಡರ್ ಮಾಡುವ ರೀತಿ ಎಂದರೆ ಇಷ್ಟೇ. ಸಾಲು ಎಂಬುದಿಲ್ಲ. ಕೌಂಟರಿನ ಬಳಿ ಸಂದು ಹುಡುಕಿ ನುಗ್ಗಿ, ಒಳಗಿನವರ ಕಣ್ಣಿಗೆ ಬೀಳಬೇಕು. ದರ್ಶಿನಿಯಲ್ಲಿ ಎರಡು ಇಡ್ಲಿ ಒಂದು ವಡೆ ಎಂದು ಕೈಯೆತ್ತಿ ಕೂಗಿ, ನಿಂತೇ ತಿಂದು ಬೆಳೆದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಕುರ್ಚಿ ಹುಡುಕಬಾರದು. ಒಂದು ಬಾರಿನಲ್ಲಿ ಒಂದೇ ತಿಂಡಿ, ಒಂದೇ ಲೋಟ. ಎಷ್ಟೇ ರುಚಿಸಿದರೂ ಅಲ್ಲೇ ಎರಡನೆಯದನ್ನು ಕೇಳಿದರೆ ನಾಲ್ಕನೇ ಬಾರಿಗೆ ಹೊಟ್ಟೆಯಲ್ಲಿ ಜಾಗವಿರುವುದಿಲ್ಲ. ಕೆಲವು ಕಡೆ ತಿಂಡಿ ಕೊಡುವಾಗಲೇ ಹಣ, ಕೆಲವು ಕಡೆ ಹೊರಡುವಾಗ. ‘ಮೆ ಕೋಬ್ರಾ?’ ಎಂದರೆ ಲೆಕ್ಕ ಹೇಳುತ್ತಾರೆ. ತಿಂಡಿಗೆ ಎರಡರಿಂದ ನಾಲ್ಕು ಯೂರೊ, ಸಾಧಾರಣ ವೈನಿನ ಲೋಟಕ್ಕೆ ಅದಕ್ಕೂ ಕಡಿಮೆ ಎಂದಿಟ್ಟುಕೊಳ್ಳಬಹುದು. ಐದು ಬಾರ್ ಸುತ್ತಿದರೆ ತಲೆಗೆ ಇಪ್ಪತ್ತೈದು ಯೂರೊ ಹಿಡಿದುಕೊಂಡರೆ ಸಾಕು. ಚಿಲ್ಲರೆ ಇದ್ದರೆ ಕೆಲಸ ಬೇಗ. ಟಿಪ್ಸ್ ಕೊಡಲೇಬೇಕೆಂಬ ಒತ್ತಾಯವಿಲ್ಲ.

ಇನ್ನು ಲಾವುರೆಲ್. ಅಣಬೆಗೆ ಸೊರಿಯಾನೊ ಅಥವಾ ಆಂಹೆಲ್. ಎರಡರಲ್ಲಿ ಯಾವುದು ಮೇಲು ಎಂಬ ಜಗಳಕ್ಕೆ ಹೊರಗಿನವರು ತಲೆಹಾಕದಿರುವುದೇ ಮೇಲು. ಎಚ್ಚರವಿರಬೇಕಾದ್ದು ಬೇರೆ ವಿಷಯಕ್ಕೆ: ಅಣಬೆಯ ಬಟ್ಟಲಿನೊಳಗೆ ಕುದಿಯುವ ಎಣ್ಣೆ ನಿಂತಿರುತ್ತದೆ. ಆತುರದಲ್ಲಿ ಬಾಯಿಗಿಟ್ಟರೆ ಆ ರಾತ್ರಿ ಇನ್ನಾವ ರುಚಿಯೂ ಹತ್ತುವುದಿಲ್ಲ. ಬ್ಲಾಂಕೊ ಇ ನೇಗ್ರೊದಲ್ಲಿ ‘ಮ್ಯಾಟ್ರಿಮೋನಿಯೊ’ ಕೇಳಬೇಕು. ಉಪ್ಪಿನಲ್ಲಿ ಹಾಕಿಟ್ಟ ಆಂಚೊವಿ ಮತ್ತು ವಿನೆಗರ್‌ನಲ್ಲಿ ನೆನೆದ ಅದೇ ಜಾತಿಯ ಮೀನು, ಎರಡಕ್ಕೂ ನಡುವೆ ಹಸಿರು ಮೆಣಸಿನಕಾಯಿ ಹಾಕಿ ಪುಟ್ಟ ಬನ್ನಿನಲ್ಲಿ ಮದುವೆ ಮಾಡಿಸಿರುತ್ತಾರೆ. ಉಪ್ಪು, ಹುಳಿ, ಖಾರದ ವಾಸನೆ ಒಟ್ಟಿಗೆ ಏರುವ ಈ ತಿಂಡಿಗೆ ಕೆಂಪು ವೈನಿಗಿಂತ ತಣ್ಣಗಿನ ಬಿಳಿ ವೈನೇ ಹೊಂದುತ್ತದೆ. ಹುಬೇರಾದಲ್ಲಿ ಸಿಗುವುದು ಪಟಾಟಾಸ್ ಬ್ರಾವಾಸ್, ಅಂದರೆ ಕರಿದ ಆಲೂಗಡ್ಡೆಯ ಮೇಲೆ ಖಾರದ ಸಾಸು. ನಮ್ಮವರ ನಾಲಿಗೆಗೆ ಆ ಖಾರ ಖಾರವೇ ಅಲ್ಲ, ಆದರೂ ಬಿಸಿಬಿಸಿ ಆಲೂಗಡ್ಡೆಯನ್ನು ಬೇಡ ಎಂದವರುಂಟೆ? ಸೆಬಾಸ್ ಬಾರಿನ ಆಲೂಗಡ್ಡೆ ಆಮ್ಲೆಟ್ ದಪ್ಪವಾಗಿ, ಒಳಗೆ ಮೆತ್ತಗಿರುತ್ತದೆ. ಹಂದಿಯ ಕಿವಿ, ಕುರಿಯ ಕರುಳು ಕರಿದು ಕೊಡುವ ಬಾರುಗಳೂ ಇಲ್ಲಿವೆ. ಧೈರ್ಯವಿದ್ದವರಿಗೆ ಅವು.

ಸಸ್ಯಾಹಾರಿಗಳು ಹೆದರಬೇಕಿಲ್ಲ, ಆದರೆ ಕೇಳುವಾಗ ಬಿಡಿಸಿ ಕೇಳಬೇಕು. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಹ್ಯಾಮ್ ಚೂರೋ ಟ್ಯೂನಾ ಮೀನೋ ತಟ್ಟೆಗೆ ಬರುವ ಸಾಧ್ಯತೆ ಸ್ಪೇನಿನಲ್ಲಿ ಯಾವಾಗಲೂ ಇದೆ. ‘ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೆಸ್ಕಾದೊ’ ಎಂದರೆ ಮಾಂಸ, ಹ್ಯಾಮ್, ಮೀನು ಮೂರೂ ದೂರ. ಅಣಬೆಯನ್ನು ‘ಸಿನ್ ಗಾಂಬಾ’ ಎಂದು ಕೇಳಿ ಸೀಗಡಿಯಿಲ್ಲದೆ ಕೊಡಿಸಿಕೊಳ್ಳಬಹುದು, ಬೇಯುವ ಹಂಚು ಮಾತ್ರ ಅದೇ. ಮೊಟ್ಟೆ ತಿನ್ನುವವರಿಗೆ ಆಮ್ಲೆಟ್ ಇದ್ದೇ ಇದೆ. ಸುಟ್ಟ ಕೆಂಪು ಮೆಣಸಿನಕಾಯಿ ಕಂಡರೆ ತಕ್ಷಣ ಕೈಹಾಕಬಾರದು, ಒಳಗೆ ಮಾಂಸವೋ ಮೀನೋ ತುಂಬಿರಬಹುದು. ‘ರಿಯೋಹಾ ಆಲೂಗಡ್ಡೆ’ ಎಂಬ ಪಲ್ಯದಲ್ಲಿ ಚೊರಿಥೊ ಎಂಬ ಹಂದಿಮಾಂಸದ ಸಾಸೇಜು ಇರುತ್ತದೆ. ಬೆಳ್ಳುಳ್ಳಿ, ಈರುಳ್ಳಿ ಮುಟ್ಟದವರಿಗೆ ಈ ಬೀದಿಯಲ್ಲಿ ಆಲಿವ್ ಕಾಯಿ ಬಿಟ್ಟು ಹೆಚ್ಚೇನೂ ಸಿಗದು.

ವೈನಿನ ವಿಷಯದಲ್ಲಿ ಮೂರು ನಾಲ್ಕು ಮಾತು ತಿಳಿದಿದ್ದರೆ ಧಾರಾಳವಾಯಿತು. ಇಲ್ಲಿನ ಮುಖ್ಯ ದ್ರಾಕ್ಷಿ ಟೆಂಪ್ರಾನಿಯೊ, ಜೊತೆಗೆ ಗಾರ್ನಾಚಾ, ಗ್ರಾಸಿಯಾನೊ, ಮಾಥುವೆಲೊ ಬೆರೆಯುತ್ತವೆ. ಓಕ್ ಪೀಪಾಯಿಯ ಮೇಲಿನ ಈ ಸೀಮೆಯ ವ್ಯಾಮೋಹಕ್ಕೆ ಫ್ರಾನ್ಸಿನ ಕಷ್ಟಕಾಲವೂ ಒಂದು ಕಾರಣ. 19ನೇ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರಾ ಎಂಬ ಹೇನು ಫ್ರಾನ್ಸಿನ ದ್ರಾಕ್ಷಿ ಬಳ್ಳಿಯ ಬೇರು ತಿಂದು ಹಾಕಿದಾಗ ಬೋರ್ಡೋ ವ್ಯಾಪಾರಿಗಳು ವೈನ್ ಹುಡುಕಿಕೊಂಡು ಇತ್ತ ಬಂದರು, ತಮ್ಮ 225 ಲೀಟರಿನ ಪೀಪಾಯಿಯ ವಿದ್ಯೆಯನ್ನೂ ತಂದರು. 1890ರಲ್ಲಿ ಶುರುವಾದ ಫ್ರಾಂಕೊ-ಎಸ್ಪಾನ್ಯೋಲಾಸ್ ಎಂಬ ವೈನ್ ಕಾರ್ಖಾನೆ ಆ ಕಾಲದ್ದೇ. ಸೇತುವೆ ದಾಟಿದರೆ ನಡೆದೇ ಹೋಗಬಹುದು. ಮೊದಲೇ ಬುಕ್ ಮಾಡಿದವರಿಗೆ ಒಳಗೆಲ್ಲ ತೋರಿಸಿ ರುಚಿಯನ್ನೂ ಕೊಡುತ್ತಾರೆ.

ಬಾರಿನಲ್ಲಿ ‘ಊನ್ ಹೋವೆನ್’ ಎಂದರೆ ಹೊಸ ವೈನ್, ಹಣ್ಣಿನ ರುಚಿ ಮುಂದಿರುತ್ತದೆ, ಬೆಲೆಯೂ ಕಡಿಮೆ. ‘ಊನ್ ಕ್ರಿಯಾಂಥಾ’ ಎಂದರೆ ಕನಿಷ್ಠ ಎರಡು ವರ್ಷ ಮಾಗಿದ ಕೆಂಪು ವೈನ್, ಅದರಲ್ಲಿ ಒಂದು ವರ್ಷ ಓಕ್ ಪೀಪಾಯಿಯಲ್ಲಿ. ಬೀದಿಯ ತಿಂಡಿಗಳಿಗೆ ಇದೇ ಸರಿಜೋಡಿ. ಮೂರು ವರ್ಷದ ರೆಸೆರ್ವಾ, ಐದು ವರ್ಷದ ಗ್ರಾನ್ ರೆಸೆರ್ವಾಗಳನ್ನು ಗದ್ದಲದಲ್ಲಿ ನಿಂತು ಗುಟುಕರಿಸುವುದು ಹಣ ಪೋಲು. ಅವನ್ನು ಕೂತು ಊಟ ಮಾಡುವ ದಿನಕ್ಕೆ ಇಟ್ಟುಕೊಳ್ಳಬೇಕು. ಬಾಟಲಿಯ ಹಿಂದಿನ ಅಧಿಕೃತ ಚೀಟಿಯ ಬಣ್ಣವೂ ಗುರುತು ಹೇಳುತ್ತದೆ: ಕೆಂಪು ಕ್ರಿಯಾಂಥಾಕ್ಕೆ, ದ್ರಾಕ್ಷಿ ಬಣ್ಣ ರೆಸೆರ್ವಾಕ್ಕೆ, ನೀಲಿ ಗ್ರಾನ್ ರೆಸೆರ್ವಾಕ್ಕೆ. ಬಿಳಿ ವೈನ್ ಬೇಕೆನ್ನುವವರು ಟೆಂಪ್ರಾನಿಯೊ ಬ್ಲಾಂಕೊ ಇದೆಯೇ ಎಂದು ಕೇಳಲಿ. 1988ರಲ್ಲಿ ಇದೇ ಸೀಮೆಯ ಒಂದು ತೋಟದಲ್ಲಿ ಕಪ್ಪು ಟೆಂಪ್ರಾನಿಯೊ ಬಳ್ಳಿಯೊಂದು ಒಂದು ಕೊಂಬೆಯಲ್ಲಿ ತಾನಾಗಿಯೇ ಬಿಳಿ ಗೊಂಚಲು ಬಿಟ್ಟಿತು. ಅದರಿಂದ ಬೆಳೆದ ತಳಿ ಇದು.

ಕುಡಿಯದವರು ಗುಂಪಿನಲ್ಲಿದ್ದರೆ ಅವರಿಗೆ ‘ಮೋಸ್ತೊ’ ಇದೆ. ಮದ್ಯವಿಲ್ಲದ ದ್ರಾಕ್ಷಿ ರಸ. ಅದೇ ಬಗೆಯ ಲೋಟದಲ್ಲಿ, ಕೆಲವೊಮ್ಮೆ ಒಂದು ಆಲಿವ್ ಹಾಕಿ ಕೊಡುತ್ತಾರೆ. ಯಾರೂ ಹುಬ್ಬೇರಿಸುವುದಿಲ್ಲ. ನಲ್ಲಿ ನೀರನ್ನು ಪುಕ್ಕಟೆ ಕೊಡಬೇಕೆಂದು 2022ರಿಂದ ಸ್ಪೇನಿನಲ್ಲಿ ಕಾನೂನೇ ಇದೆ, ಆದ್ದರಿಂದ ಎರಡು ಲೋಟಗಳ ನಡುವೆ ‘ಅಗುವಾ ದೆಲ್ ಗ್ರಿಫೊ’ ಕೇಳಲು ಸಂಕೋಚ ಬೇಡ.

ಯಾವಾಗ ಹೋಗಬೇಕು? ಏಪ್ರಿಲ್-ಮೇ ಹಿತವಾದ ಹವೆ. ಅಕ್ಟೋಬರ್ ಕೊನೆಗೆ ತೋಟಗಳೆಲ್ಲ ಕೆಂಪು-ಹಳದಿ. ಹಬ್ಬದ ಗದ್ದಲ ಇಷ್ಟಪಡುವವರಿಗೆ ಜೂನ್ 11ರ ಸಾನ್ ಬೆರ್ನಬೆ ಇದೆ. 1521ರಲ್ಲಿ ಫ್ರೆಂಚ್ ಸೇನೆ ಊರಿಗೆ ಮುತ್ತಿಗೆ ಹಾಕಿದ್ದಾಗ ಜನ ನದಿಯ ಮೀನು, ಬ್ರೆಡ್ಡು, ವೈನಿನಲ್ಲೇ ದಿನ ನೂಕಿದರಂತೆ. ಅದರ ನೆನಪಿಗೆ ಆ ದಿನ ಕೋಟೆ ಬಾಗಿಲಿನ ಬಳಿ ಕರಿದ ಮೀನು, ಬ್ರೆಡ್ಡು, ವೈನನ್ನು ಬಂದವರಿಗೆಲ್ಲ ಹಂಚುತ್ತಾರೆ. ಸೆಪ್ಟೆಂಬರ್ 21ರ ಆಸುಪಾಸಿನ ಸಾನ್ ಮತೇವೊ ದ್ರಾಕ್ಷಿ ಸುಗ್ಗಿಯ ಹಬ್ಬ, ವಾರವಿಡೀ ನಡೆಯುತ್ತದೆ. ಆ ವಾರ ಹೋಟೆಲ್ ದರ ಗಗನಕ್ಕೇರುತ್ತದೆ, ಲಾವುರೆಲ್‌ನಲ್ಲಿ ಅಣಬೆಯ ಹಂಚಿನ ತನಕ ತಲುಪುವುದೇ ಒಂದು ಸಾಹಸ.

ಒಂದು ದಿನ ಹೆಚ್ಚಿಗೆ ಇದ್ದರೆ ಬೆಟ್ಟದ ಮೇಲಿನ ಕೋಟೆಯೂರು ಲಾಗ್ವಾರ್ದಿಯಾಗೆ ಬಸ್ಸಿದೆ, ಅರ್ಧ ದಿನ ಸಾಕು. ಪಕ್ಕದ ಎಲ್ಥಿಯೆಗೊದಲ್ಲಿ ಬಿಲ್ಬಾವೊ ಗುಗೆನ್‌ಹೈಮ್ ಕಟ್ಟಿದ ಫ್ರಾಂಕ್ ಗೆರಿಯೇ ವಿನ್ಯಾಸ ಮಾಡಿದ ಮಾರ್ಕೆಸ್ ದೆ ರಿಸ್ಕಾಲ್ ಹೋಟೆಲು ನೇರಳೆ ಬಣ್ಣದ ಟೈಟಾನಿಯಂ ಹಾಳೆಗಳನ್ನು ಹೊದ್ದು ನಿಂತಿದೆ, 2006ರದು. ಜೂನ್ ಕೊನೆಯಲ್ಲಿ ಬಂದವರಿಗೆ ಇನ್ನೊಂದು ಆಯ್ಕೆ: 29ರ ಬೆಳಗ್ಗೆ ಹಾರೊ ಊರಿನ ಹೊರಗಿನ ಗುಡ್ಡದ ಮೇಲೆ ಸಾವಿರಾರು ಜನ ಬಕೆಟ್ಟು, ಔಷಧಿ ಹೊಡೆಯುವ ಪಂಪು ಹಿಡಿದು ಒಬ್ಬರ ಮೇಲೊಬ್ಬರು ಕೆಂಪು ವೈನ್ ಎರಚಿಕೊಳ್ಳುತ್ತಾರೆ. ಬಿಳಿ ಅಂಗಿ, ಕೊರಳಿಗೆ ಕೆಂಪು ವಸ್ತ್ರ ಅಲ್ಲಿನ ಸಮವಸ್ತ್ರ. ಮತ್ತೆ ತೊಡುವ ಆಸೆಯಿಲ್ಲದ ಅಂಗಿ ಹಾಕಿಕೊಂಡು, ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಪಾಸ್‌ಪೋರ್ಟನ್ನು ಲೊಗ್ರೊನ್ಯೊದ ಹೋಟೆಲಿನಲ್ಲೇ ಬಿಟ್ಟು ಹೋಗಬೇಕು.