ಮನೆಯ ಸುತ್ತಲಿನ ಹಾವುಗಳು: ವಿಷದ್ದು ಯಾವುದು, ವಿಷವಿಲ್ಲದ್ದು ಯಾವುದು?



ಮಳೆಗಾಲ ಬಂತೆಂದರೆ ಸೌದೆ ರಾಶಿ, ಕೊಟ್ಟಿಗೆ, ಬಚ್ಚಲು ಎಲ್ಲಿ ನೋಡಿದರೂ ಹಾವಿನ ಭಯ. ಸೌದೆ ಎತ್ತುವವರು, ಹುಲ್ಲು ಕೊಯ್ಯುವವರು, ಬೆಳಗಾಗುವ ಮೊದಲೇ ಕೊಟ್ಟಿಗೆಗೆ ಹೋಗುವವರು ಹೆಚ್ಚಾಗಿ ನಾವೇ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಇವರಲ್ಲಿ ಹೆಚ್ಚಿನವರು ಹಳ್ಳಿಯವರು. ಹಾಗಂತ ಕಂಡ ಹಾವನ್ನೆಲ್ಲ ಹೊಡೆಯುವುದು ಸರಿಯಲ್ಲ. ಹೆಚ್ಚಿನ ಹಾವುಗಳಿಗೆ ವಿಷವೇ ಇಲ್ಲ. ಹೊಡೆಯಲು ಹೋದಾಗಲೇ ಎಷ್ಟೋ ಜನ ಕಚ್ಚಿಸಿಕೊಳ್ಳುತ್ತಾರೆ.

ಜೀವಕ್ಕೆ ಅಪಾಯ ತರುವ ನಾಲ್ಕು ಹಾವುಗಳು

1. ನಾಗರ ಹಾವು: ಹೆಡೆ ಎತ್ತಿದರೆ ಎಲ್ಲರಿಗೂ ಗೊತ್ತು. ಹೆಡೆಯ ಹಿಂದೆ ಕನ್ನಡಕದಂಥ ಗುರುತು ಇರುತ್ತದೆ. ಇಲಿ ಇರುವ ಕಡೆ ಬರುತ್ತದೆ.

2. ಕಟ್ಟು ಹಾವು (ಕೆಲವೆಡೆ ಕಡಂಬಳ): ಹೊಳೆಯುವ ಕಪ್ಪು ಮೈ, ಅದರ ಮೇಲೆ ತೆಳುವಾದ ಬಿಳಿ ಪಟ್ಟೆಗಳು. ರಾತ್ರಿ ಓಡಾಡುತ್ತದೆ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ.

3. ಕೊಳಕು ಮಂಡಲ: ದಪ್ಪ ಮೈ, ಮೂರು ಮೂಲೆಯ ತಲೆ. ಬೆನ್ನಿನ ಮೇಲೆ ಸರಪಳಿಯ ಹಾಗೆ ಮೂರು ಸಾಲು ಕಂದು ಮಚ್ಚೆಗಳು. ಕುಕ್ಕರ್ ಹಬೆ ಬಿಟ್ಟಂತೆ ಜೋರಾಗಿ ಬುಸುಗುಡುತ್ತದೆ.

4. ಗರಗಸ ಮಂಡಲ: ಚಿಕ್ಕ ಹಾವು. ಬಯಲುಸೀಮೆಯ ಕಲ್ಲು ನೆಲದಲ್ಲಿ ಹೆಚ್ಚು. ಮೈ ಸುತ್ತಿಕೊಂಡು ಹುರುಪೆ ಉಜ್ಜಿ, ಗರಗಸ ಎಳೆದಂಥ ಸದ್ದು ಮಾಡುತ್ತದೆ.

ಮಲೆನಾಡಿನಲ್ಲಿ ಇವಲ್ಲದೆ ಕಾಳಿಂಗ ಸರ್ಪವೂ ಇದೆ.

ನಾವು ಮೋಸ ಹೋಗುವುದು ಎಲ್ಲಿ?

ಕೇರೆ ಹಾವನ್ನು ನಾಗರ ಅಂತ ಹೊಡೆಯುತ್ತೇವೆ. ಕೇರೆಗೆ ಹೆಡೆ ಇಲ್ಲ, ವಿಷವೂ ಇಲ್ಲ. ಕಣ್ಣು ದೊಡ್ಡದು, ತುಟಿಯ ಮೇಲೆ ಕಪ್ಪು ಗೆರೆಗಳು. ಅದು ಹಸುವಿನ ಹಾಲು ಕುಡಿಯುತ್ತದೆ ಅನ್ನೋದು ಸುಳ್ಳು. ಕೊಟ್ಟಿಗೆಗೆ ಬರುವುದು ಇಲಿಗಾಗಿ. ಆದರೆ ನಾಗರವೂ ಹೆಡೆ ಮುಚ್ಚಿಕೊಂಡು ಹರಿಯುವಾಗ ಕೇರೆಯಂತೆಯೇ ಕಾಣುತ್ತದೆ, ನೆನಪಿರಲಿ.

ತೋಳ ಹಾವು ಮತ್ತು ಕಟ್ಟು ಹಾವಿನ ಗೊಂದಲ ಇದಕ್ಕಿಂತ ದೊಡ್ಡದು. ಎರಡಕ್ಕೂ ಪಟ್ಟೆ ಇದೆ, ಎರಡೂ ರಾತ್ರಿ ಮನೆಯೊಳಗೆ ಬರುತ್ತವೆ. ವಿಷವಿಲ್ಲದ ತೋಳ ಹಾವಿನ ಮೈ ಕಂದು. ಪಟ್ಟೆ ಕುತ್ತಿಗೆಯಿಂದಲೇ ಶುರುವಾಗಿ ಬಾಲದ ಕಡೆ ಮಾಸುತ್ತದೆ. ಹಲ್ಲಿ ಹಿಡಿಯಲು ಗೋಡೆ ಹತ್ತುತ್ತದೆ. ಕಟ್ಟು ಹಾವಿನ ಪಟ್ಟೆ ತಲೆಯಿಂದ ಸ್ವಲ್ಪ ದೂರದಲ್ಲಿ ಶುರು, ಸಾಮಾನ್ಯವಾಗಿ ಜೋಡಿ ಜೋಡಿಯಾಗಿ, ಬಾಲದ ಕಡೆ ಹೆಚ್ಚು ಸ್ಪಷ್ಟ.

ಮಣ್ಣುಮುಕ್ಕ ಜಾತಿಯ ಒಂದು ಹಾವು ಕೊಳಕು ಮಂಡಲದಂತೆ ದಪ್ಪಗಿದ್ದು ಮಚ್ಚೆ ಹೊಂದಿರುತ್ತದೆ. ಅದರ ಬಾಲ ಮೊಂಡು, ಮಚ್ಚೆಗಳಿಗೆ ಸಾಲು ಇಲ್ಲ. ಗದ್ದೆ, ಕೆರೆಯ ನೀರು ಹಾವಿಗೂ ವಿಷ ಇಲ್ಲ. ಗಿಡದ ಮೇಲಿನ ಹಸಿರು ಹಾವಿನ ಸೌಮ್ಯ ವಿಷ ಮನುಷ್ಯರ ಜೀವ ತೆಗೆಯುವುದಿಲ್ಲ.

ಗುರುತು ತಿಳಿದರೂ ಕೈಗೆ ತೆಗೆದುಕೊಳ್ಳಬೇಡಿ. ಕತ್ತಲಲ್ಲಿ, ಗಾಬರಿಯಲ್ಲಿ ಯಾರ ಕಣ್ಣೂ ತಪ್ಪಬಹುದು.

ಕಚ್ಚಿದರೆ ಏನು ಮಾಡಬೇಕು?

"ಇದು ವಿಷದ ಹಾವಲ್ಲ" ಅಂತ ನಾವೇ ತೀರ್ಮಾನಿಸಿ ಮನೆಯಲ್ಲಿ ಕೂರಬಾರದು. ಯಾವ ಹಾವು ಕಚ್ಚಿದರೂ ಆಸ್ಪತ್ರೆಗೆ ಹೋಗಬೇಕು. ಕಟ್ಟು ಹಾವು ಕಚ್ಚಿದರೆ ನೋವು, ಊತ ಇರುವುದೇ ಕಡಿಮೆ. ಗಾಯವೂ ಕಾಣದೆ ಇರಬಹುದು. ನೆಲದಲ್ಲಿ ಮಲಗಿದ್ದವರಿಗೆ ರಾತ್ರಿ ಹೊಟ್ಟೆನೋವು, ವಾಂತಿ ಬಂದು, ರೆಪ್ಪೆ ಜೋತುಬಿದ್ದು, ಮಾತು ತೊದಲಿದರೆ ಅಜೀರ್ಣ ಅಂತ ಕಷಾಯ ಕೊಡುತ್ತಾ ಕೂರಬೇಡಿ. ಉಸಿರು ನಿಲ್ಲುವ ಮೊದಲು ಆಸ್ಪತ್ರೆ ಸೇರಬೇಕು.

• ಧೈರ್ಯ ಹೇಳಿ. ನಡೆಸಬೇಡಿ, ಓಡಿಸಬೇಡಿ.
• ಬಳೆ, ಉಂಗುರ, ಕಾಲುಂಗುರ ಕೂಡಲೇ ತೆಗೆಯಿರಿ.
• ಕಚ್ಚಿದ ಕೈ ಅಥವಾ ಕಾಲಿಗೆ ಕೋಲು ಇಟ್ಟು, ಅಲುಗದಂತೆ ಸಡಿಲವಾಗಿ ಬಟ್ಟೆ ಸುತ್ತಿ.
• ಬಿಗಿಯಾಗಿ ಹಗ್ಗ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಚೀಪಬೇಡಿ.
• ಹಾವು ಹಿಡಿಯಲು, ಮಂತ್ರ ಹಾಕಿಸಲು ಸಮಯ ಕಳೆಯಬೇಡಿ. 108ಕ್ಕೆ ಫೋನ್ ಮಾಡಿ.

ನಾಲ್ಕೂ ಹಾವುಗಳ ವಿಷಕ್ಕೆ ಒಂದೇ ಮದ್ದು ಕೊಡುವುದರಿಂದ ಹಾವನ್ನು ಕೊಂದು ತರುವ ಅಗತ್ಯವಿಲ್ಲ. ಹಾವು ಕಡಿತವನ್ನು ಕರ್ನಾಟಕ ಸರ್ಕಾರ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ.

ಮೊದಲೇ ಜಾಗ್ರತೆ

ಮನೆಗೆ ತಾಗಿಸಿ ಸೌದೆ, ಹೆಂಚು, ಬೆರಣಿ ಪೇರಿಸಬೇಡಿ. ಕಾಳು ಚೆಲ್ಲದಂತೆ ನೋಡಿಕೊಳ್ಳಿ. ಇಲಿ ಕಡಿಮೆಯಾದರೆ ಹಾವೂ ಕಡಿಮೆ. ರಾತ್ರಿ ಟಾರ್ಚ್, ಚಪ್ಪಲಿ ಇಲ್ಲದೆ ಹೊರಗೆ ಹೋಗಬೇಡಿ. ಮಂಚ ಇಲ್ಲದವರು ಸೊಳ್ಳೆ ಪರದೆಯ ಅಂಚನ್ನು ಚಾಪೆಯ ಅಡಿಗೆ ಸುತ್ತಲೂ ಸಿಕ್ಕಿಸಿ ಮಲಗಿ.

ಸಂಘದ ಸಭೆಯಲ್ಲಿ ಚರ್ಚಿಸಿ

1. ತೋಳ ಹಾವಿಗೂ ಕಟ್ಟು ಹಾವಿಗೂ ಇರುವ ವ್ಯತ್ಯಾಸಗಳೇನು?
2. ಹಾವಿನ ವಿಷಕ್ಕೆ ಮದ್ದು ಸಿಗುವ, ನಮ್ಮೂರಿಗೆ ಹತ್ತಿರದ ಆಸ್ಪತ್ರೆ ಯಾವುದು? ವಿಚಾರಿಸಿ ಬರೆದಿಡಿ.
3. ರಾತ್ರಿ ಹೊತ್ತು ಯಾರ ವಾಹನ ಸಿಗುತ್ತದೆ? ಅವರ ಫೋನ್ ನಂಬರ್ ಎಲ್ಲ ಸದಸ್ಯೆಯರ ಬಳಿ ಇದೆಯೇ?