ಕಂಕುಳಿನ ಕಾವಲುಗ್ರಂಥಿ

ಯಲಹಂಕದ ಕೆರೆ ಕೋಡಿಬಿದ್ದರೆ ಆ ನೀರು ಮೊದಲು ಜಕ್ಕೂರು ಕೆರೆಗೂ ಅಲ್ಲಿಂದ ರಾಚೇನಹಳ್ಳಿ ಕೆರೆಗೂ ಹರಿಯುತ್ತದೆ. ಮೇಲಿನ ಕೆರೆಯ ಕಲ್ಮಷ ಕೆಳಕ್ಕೆ ಇಳಿದಿದೆಯೆ ಎಂದು ತಿಳಿಯಲು ಮೊದಲು ಜಕ್ಕೂರಿನ ನೀರನ್ನು ಪರೀಕ್ಷಿಸಬೇಕಷ್ಟೆ. ನಮ್ಮ ದೇಹದಲ್ಲಿಯೂ ಇಂಥ ಸರಪಣಿಯಿದೆ. ಸ್ತನದಿಂದ ಹೊರಡುವ ದುಗ್ಧರಸವು ಬಹುಮಟ್ಟಿಗೆ ಕಂಕುಳಿನ ದುಗ್ಧಗ್ರಂಥಿಗಳ ಮೂಲಕ ಸಾಗುತ್ತದೆ. ಸ್ತನದಲ್ಲಿ ಕ್ಯಾನ್ಸರ್, ಅಂದರೆ ಏಡಿಗಂತಿ, ತಲೆದೋರಿದಾಗ ಅದರ ಜೀವಕೋಶಗಳು ಈ ದಾರಿ ಹಿಡಿದಿವೆಯೆ ಎಂಬುದು ಮುಖ್ಯ ಪ್ರಶ್ನೆ.

ಇದು ನಮಗೆ ದೂರದ ಪ್ರಶ್ನೆಯಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆದುಬಂದಿದೆ. ಇಂದು ಈ ನಗರದ ಸ್ತ್ರೀಯರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಸ್ತನದ ಕ್ಯಾನ್ಸರೇ. ಹಿಂದೆ ಕಂಕುಳಿನ ಗ್ರಂಥಿಗಳನ್ನು ಒಟ್ಟಾಗಿ ತೆಗೆದುಹಾಕುವುದು ವಾಡಿಕೆಯಾಗಿತ್ತು. ಅದರಿಂದ ಕೆಲವರ ತೋಳು ಬಾತು, ನೀರಿನ ಕೊಡ ಎತ್ತುವುದೂ ಕಷ್ಟವಾಗುತ್ತಿತ್ತು. 1990ರ ದಶಕದಲ್ಲಿ ಬೇರೊಂದು ವಿಧಾನ ಬಂದಿತು. ನೀಲಿ ಬಣ್ಣವನ್ನಾಗಲಿ, ಆರು ಗಂಟೆಗಳ ಅರ್ಧಾಯುವುಳ್ಳ ವಿಕಿರಣಶೀಲ ಟೆಕ್ನೀಷಿಯಮನ್ನಾಗಲಿ ಸ್ತನಕ್ಕೆ ಚುಚ್ಚಿ, ಅದು ಮೊದಲು ತಲಪುವ ಕೆಲವೇ ಗ್ರಂಥಿಗಳನ್ನು ತೆಗೆದು ಪರೀಕ್ಷಿಸುವರು. ಇವೇ ಕಾವಲುಗ್ರಂಥಿಗಳು.

ಆದರೆ ಶಸ್ತ್ರಕ್ರಿಯೆ ನಡೆಯುತ್ತಿರುವಾಗಲೇ ಸೂಕ್ಷ್ಮದರ್ಶಕದಲ್ಲಿ ಗ್ರಂಥಿಯ ಕೆಲವು ತೆಳುಪದರಗಳನ್ನು ಮಾತ್ರ ನೋಡಬಹುದು. ಉಳಿದೆಡೆ ಅಡಗಿದ ಕೋಶಗಳು ಕಣ್ಣು ತಪ್ಪಿಸಿಯಾವು. ಈ ಕೊರತೆಯನ್ನು ನೀಗಲು ಹುಟ್ಟಿದ್ದು 'ಓಸ್ನಾ' ಎಂಬ ಅಣುಪರೀಕ್ಷೆ. ಇಲ್ಲಿ ಗ್ರಂಥಿಯನ್ನೇ ಅರೆದು ದ್ರಾವಣ ಮಾಡುತ್ತಾರೆ. ಹುಡುಕುವುದು ಸೈಟೋಕೆರಾಟಿನ್-19 ಎಂಬ ಪ್ರೋಟೀನಿನ ಸಂದೇಶವಾಹಕ ಆರ್.ಎನ್.ಎ.ಯನ್ನು. ಇದು ಸ್ತನದ ಕೋಶಗಳಲ್ಲಿ ಉಂಟು. ನಿರೋಗಿಯಾದ ದುಗ್ಧಗ್ರಂಥಿಯಲ್ಲಿ ಇಲ್ಲವೆನ್ನುವಷ್ಟು ಅಲ್ಪ. 65 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದರ ಪ್ರತಿಗಳನ್ನು ಬೆಳೆಸಿದಂತೆಲ್ಲ ಮೆಗ್ನೀಸಿಯಮ್ ಪೈರೋಫಾಸ್ಫೇಟ್ ಉಂಟಾಗಿ ದ್ರಾವಣ ಕದಡುತ್ತದೆ, ಬೆಳಕು ಮಂಕಾಗುತ್ತದೆ.

ಇದರಿಂದ ಎಣಿಕೆ ಹೇಗೆ? ಒಂದು ಅಣು ಇಮ್ಮಡಿಯಾಗುತ್ತ ಹೋದರೆ ಹತ್ತನೆಯ ಸಲಕ್ಕೆ 1024, ಇಪ್ಪತ್ತನೆಯ ಸಲಕ್ಕೆ ಹತ್ತು ಲಕ್ಷಕ್ಕೂ ಮಿಕ್ಕುತ್ತದೆ. ಮೊದಲೇ ಅಣುಗಳು ಹೆಚ್ಚಾಗಿದ್ದರೆ ದ್ರಾವಣ ಬೇಗ ಕದಡುವುದು. ಆದುದರಿಂದ ಕದಡಲು ಹಿಡಿದ ಕಾಲವೇ ಅಣುಗಳ ಲೆಕ್ಕ ಹೇಳುತ್ತದೆ. ಮೈಕ್ರೋಲೀಟರಿಗೆ 250ಕ್ಕೆ ಕಡಮೆ ಪ್ರತಿಗಳಿದ್ದರೆ ಗ್ರಂಥಿಯಲ್ಲಿ ಹರಡಿಕೆ ಕಾಣಲಿಲ್ಲವೆಂದೂ, 5000 ಮೀರಿದರೆ ಎರಡು ಮಿಲಿಮೀಟರಿಗಿಂತ ದೊಡ್ಡ ಹರಡಿಕೆಗೆ ಸಮವೆಂದೂ ಎಣಿಸುತ್ತಾರೆ.

ಈ ವಿಧಾನಕ್ಕೂ ಮಿತಿಗಳಿವೆ. ಕೆಲವು ಗಂತಿಗಳು ಸೈಟೋಕೆರಾಟಿನ್-19ನ್ನು ತಯಾರಿಸುವುದೇ ಇಲ್ಲ. ಅರೆದ ಭಾಗವನ್ನು ಮತ್ತೆ ಸೂಕ್ಷ್ಮದರ್ಶಕದಲ್ಲಿ ನೋಡಲಾಗದು. ಆದರೂ ರೋಗಿ ಶಸ್ತ್ರಕ್ರಿಯೆಯ ಮೇಜಿನ ಮೇಲಿರುವಾಗಲೇ ವೈದ್ಯರಿಗೆ ಉತ್ತರ ದೊರೆಯುತ್ತದೆ. ಉಳಿದ ಗ್ರಂಥಿಗಳನ್ನು ತೆಗೆಯಬೇಕೆ, ಬಿಡಬಹುದೆ ಎಂಬ ನಿರ್ಧಾರಕ್ಕೆ ಅದು ನೆರವಾಗುತ್ತದೆ. ಅನಾವಶ್ಯಕವಾಗಿ ತೋಳು ಬಾಯುವ ಕಷ್ಟವೂ, ಎರಡನೆಯ ಶಸ್ತ್ರಕ್ರಿಯೆಯೂ ಎಷ್ಟೋ ಮಂದಿಗೆ ತಪ್ಪಬಹುದು.